ಕಾರು ‘ಇನ್ನು ನೀನೇ ನೋಡ್ಕೋ’ ಅಂದಾಗ: ಸ್ಟೇರಿಂಗ್ ಜೊತೆ ತಲೆಯನ್ನೂ ವಾಪಸ್ ತರುವುದು ಹೇಗೆ

ಶಿರಾ ದಾಟಿ ಹಿರಿಯೂರಿನ ಕಡೆ ಹೋಗುತ್ತಿದ್ದೆ. ಸಂಜೆ ಐದೂವರೆ ಇರಬೇಕು, ಬಿಸಿಲು ಕಣ್ಣಿಗೇ ಹೊಡೆಯುತ್ತಿತ್ತು. ವೇಗವನ್ನು ಕಾರೇ ಕಾಯ್ದುಕೊಳ್ಳುವ ಕ್ರೂಸ್ 90ಕ್ಕೆ ಇಟ್ಟಿದ್ದೆ. ಲೇನ್ ಹಿಡಿಯುವ ಕೆಲಸವನ್ನೂ ಕಾರೇ ಮಾಡುತ್ತಿತ್ತು. ನನ್ನ ಕೈ ಸ್ಟೇರಿಂಗ್ ಮೇಲೆಯೇ ಇತ್ತು. ತಲೆ ಮಾತ್ರ ಮಾವನ ಮನೆಯ ಗೃಹಪ್ರವೇಶದಲ್ಲಿತ್ತು: ಅಡುಗೆಯವರಿಗೆ ಅಡ್ವಾನ್ಸ್ ಎಷ್ಟು ಕೊಡುವುದು, ಶಾಮಿಯಾನದವನು ಬರುತ್ತಾನೋ ಇಲ್ಲವೋ. ಅಷ್ಟರಲ್ಲಿ ‘ಟಿಂಗ್’ ಅಂತ ಸದ್ದು. ಹಸಿರಾಗಿದ್ದ ಸ್ಟೇರಿಂಗ್ ಗುರುತು ಬೂದು ಬಣ್ಣಕ್ಕೆ ತಿರುಗಿತ್ತು. ಮುಂದೆ ರಸ್ತೆ ಕೆಲಸ. ಬಿಳಿ ಗೆರೆ ಮಾಯ. ‘ಟೇಕ್ ಡೈವರ್ಷನ್’ ಬೋರ್ಡು, ಸಾಲಾಗಿ ಡ್ರಮ್ಮುಗಳು.

ನಾನು ತಕ್ಷಣ ಸ್ಟೇರಿಂಗನ್ನು ಬಲಕ್ಕೆ ಎಳೆದೆ. ಕಿವಿ ಕಿತ್ತುಹೋಗುವಂಥ ಹಾರ್ನ್. ಬಲಗಡೆ ಒಂದು ಲಾರಿ, ಕೈ ಚಾಚಿದರೆ ಮುಟ್ಟುವಷ್ಟು ಹತ್ತಿರ. ಏನೂ ಆಗಲಿಲ್ಲ, ಪುಣ್ಯ. ಆಮೇಲೆ ಟೀ ಕುಡಿಯಲು ನಿಂತಾಗ ಹೆಂಡತಿ ಕೇಳಿದಳು: “ಅಲ್ಲಾ ರೀ, ಆ ಲಾರಿ ಆಗಿನಿಂದ ಪಕ್ಕದಲ್ಲೇ ಬರ್ತಿತ್ತಲ್ಲ, ನಿಮಗೆ ಕಾಣ್ಲಿಲ್ವಾ?”

ಕಂಡಿರಲಿಲ್ಲ. ಕೈ ಒಂದು ಸೆಕೆಂಡಿನಲ್ಲಿ ಕೆಲಸಕ್ಕೆ ಬಂತು. ತಲೆ ಬರುವುದಕ್ಕೆ ಇನ್ನೂ ಹೊತ್ತಿತ್ತು. ನಡುವಿನ ಆ ಅಂತರದಲ್ಲಿ ಕೈ ತನಗೆ ತೋಚಿದ್ದನ್ನು ಮಾಡಿತು. ಈ ಲೇಖನ ಪೂರ್ತಿ ಆ ಅಂತರದ ಬಗ್ಗೆಯೇ. ಅದನ್ನು ಪೂರ್ತಿ ಅಳಿಸಲು ಆಗುವುದಿಲ್ಲ. ಚಿಕ್ಕದು ಮಾಡಬಹುದು, ಅದರೊಳಗೆ ತಪ್ಪು ಮಾಡದೆ ಇರಬಹುದು.

ಮೊದಲು ನಿಮ್ಮ ಕಾರು ಯಾವ ಜಾತಿಯದು ತಿಳಿದುಕೊಳ್ಳಿ

ತಾನೇ ಓಡುವ ಕಾರುಗಳನ್ನು 0ಯಿಂದ 5ರವರೆಗೆ ಹಂತಗಳಾಗಿ ವಿಂಗಡಿಸುತ್ತಾರೆ. ಅಮೆರಿಕದ ಎಸ್‌ಎಇ ಅನ್ನುವ ವಾಹನ ಎಂಜಿನಿಯರುಗಳ ಸಂಸ್ಥೆ 2014ರಲ್ಲಿ ಮಾಡಿದ ಪಟ್ಟಿ ಅದು. ನಮಗೆ ಇಲ್ಲಿ ಬೇಕಾದದ್ದು ಎರಡೇ ಹಂತ.

ಎರಡನೇ ಹಂತದಲ್ಲಿ ಕಾರು ಸ್ಟೇರಿಂಗ್, ವೇಗ, ಬ್ರೇಕ್ ಮೂರನ್ನೂ ನೋಡಿಕೊಳ್ಳಬಹುದು, ಆದರೆ ರಸ್ತೆ ನೋಡುವ ಕೆಲಸ ನಿಮ್ಮದೇ. ನಮ್ಮಲ್ಲಿ ಜನ ‘ಅಡಾಸ್ ಇದೆ’ (ಚಾಲಕರಿಗೆ ನೆರವಾಗುವ ವ್ಯವಸ್ಥೆ) ಅಂತ ಹೆಮ್ಮೆಯಿಂದ ಹೇಳುವ ಕಾರುಗಳೆಲ್ಲ ಇಲ್ಲಿಗೆ ಅಥವಾ ಇದಕ್ಕಿಂತ ಕೆಳಗೆ ಸೇರುತ್ತವೆ. ಗೆರೆ ಕಾಣದಿದ್ದರೆ ಇವು ಹೆಚ್ಚು ಮಾತಾಡದೆ ಕೈಬಿಡುತ್ತವೆ. ಕೆಲವು ಸಲ ಒಂದು ‘ಟಿಂಗ್’ ಸಹ ಇರುವುದಿಲ್ಲ, ಗುರುತಿನ ಬಣ್ಣ ಬದಲಾಗುತ್ತದೆ ಅಷ್ಟೆ.

ಮೂರನೇ ಹಂತದಲ್ಲಿ, ಕೆಲವು ಷರತ್ತಿನೊಳಗೆ, ನೀವು ರಸ್ತೆಯಿಂದ ಕಣ್ಣು ತೆಗೆಯಬಹುದು. ಕಾರು ಕರೆದಾಗ ಮಾತ್ರ ಬರಲೇಬೇಕು. ಜಪಾನಿನಲ್ಲಿ ಹೋಂಡಾ 2021ರ ಮಾರ್ಚ್‌ನಲ್ಲಿ ಇಂಥ ಲೆಜೆಂಡ್ ಕಾರುಗಳನ್ನು ಬಾಡಿಗೆ ಕರಾರಿನ ಮೇಲೆ ಕೊಟ್ಟಿತು, ಬರೀ 100. ಮರ್ಸಿಡಿಸ್‌ನ ಡ್ರೈವ್ ಪೈಲಟ್‌ಗೆ ಜರ್ಮನಿಯಲ್ಲಿ 2021ರ ಡಿಸೆಂಬರ್‌ನಲ್ಲಿ ಒಪ್ಪಿಗೆ ಸಿಕ್ಕಿತು. ಮೊದಲಿಗೆ ಗಂಟೆಗೆ 60 ಕಿಲೋಮೀಟರ್ ಒಳಗಿನ ವೇಗಕ್ಕೆ ಮಾತ್ರ. 2023ರಲ್ಲಿ ಅಮೆರಿಕದ ನೆವಾಡ, ಕ್ಯಾಲಿಫೋರ್ನಿಯಾಗಳಲ್ಲೂ ಒಪ್ಪಿಗೆ ಬಂತು. ಆ ಕಡೆ ಇರುವ ಕನ್ನಡಿಗರಿಗೆ ಇದು ಆಫೀಸಿನ ದಾರಿಯ ವಿಷಯ. ನಮಗೆ ಸದ್ಯಕ್ಕೆ ಹಾಗಲ್ಲ. ಚಾಲಕರಿಲ್ಲದ ಕಾರನ್ನು ಭಾರತಕ್ಕೆ ಬಿಡುವುದಿಲ್ಲ ಎಂದು ಕೇಂದ್ರ ಸಾರಿಗೆ ಸಚಿವ ನಿತಿನ್ ಗಡ್ಕರಿ 2023ರ ಡಿಸೆಂಬರ್‌ನಲ್ಲಿ ಹೇಳಿದ್ದರು.

ನಿಜವಾದ ಅಪಾಯ ಇರುವುದು ಎರಡನೇ ಹಂತದ ಕಾರಿನಲ್ಲಿ ಕೂತು ಮೂರನೇ ಹಂತದ ಹಾಗೆ ನಡೆದುಕೊಳ್ಳುವುದರಲ್ಲಿ. ಸೀಟಿನ ಮೇಲೆ ಕಾಲು ಮಡಚಿ ಕೂತು, ಸ್ಟೇರಿಂಗ್‌ಗೆ ನೀರಿನ ಬಾಟಲಿ ಸಿಕ್ಕಿಸಿ ವಿಡಿಯೊ ಮಾಡುವವರನ್ನು ನೀವೂ ನೋಡಿರುತ್ತೀರಿ. ಅವರಿಗೆ ಈ ಲೇಖನ ಅಲ್ಲ.

ತಲೆ ವಾಪಸ್ ಬರುವುದು ಅಂದರೇನು?

ರಾತ್ರಿ ಒಂದು ಗಂಟೆಗೆ ಯಕ್ಷಗಾನದ ಬಯಲಿಗೆ ಹೋಗಿ ಕೂತಿದ್ದೀರಾ? ಆಟ ಶುರುವಾಗಿ ಬಹಳ ಹೊತ್ತಾಗಿದೆ. ಮೊದಲು ಕಾಣುವುದು ವೇಷ. ರಂಗದ ಮೇಲೆ ಮೂವರಿದ್ದಾರೆ, ಒಂದು ಬಣ್ಣದ ವೇಷ, ಒಂದು ಸ್ತ್ರೀವೇಷ. ಸ್ವಲ್ಪ ಹೊತ್ತು ಮಾತು ಕೇಳಿದ ಮೇಲೆ ಓಹೋ, ಇವನು ಕೀಚಕ, ಇವಳು ಸೈರಂಧ್ರಿ ಅಂತ ಗೊತ್ತಾಗುತ್ತದೆ. ಆಮೇಲೆ ತಾನೇ ‘ಹಾಗಾದರೆ ಇನ್ನು ಭೀಮ ಬರ್ತಾನೆ’ ಅಂತ ಹೊಳೆಯುವುದು?

ಅಮೆರಿಕದ ಎಂಜಿನಿಯರ್ ಮಿಕಾ ಎಂಡ್‌ಸ್ಲಿ 1995ರಲ್ಲಿ ಬರೆದದ್ದು ಸರಿಸುಮಾರು ಇದನ್ನೇ. ಅವರ ಲೆಕ್ಕದಲ್ಲಿ ಸುತ್ತಲಿನ ಅರಿವಿಗೆ ಮೂರು ಮೆಟ್ಟಿಲು: ಏನೇನಿದೆ ಅಂತ ಕಾಣುವುದು, ಅದರ ಅರ್ಥ ತಿಳಿಯುವುದು, ಮುಂದೇನಾಗುತ್ತದೆ ಅಂತ ಊಹಿಸುವುದು. ವಿಮಾನದ ಪೈಲಟ್‌ಗಳನ್ನು ನೋಡಿ ಕಟ್ಟಿದ ಮಾತು ಕಾರಿಗೂ ಹೊಂದುತ್ತದೆ. ನಾನು ಶಿರಾ ಹತ್ತಿರ ಮೊದಲ ಮೆಟ್ಟಿಲನ್ನೂ ಪೂರ್ತಿ ಹತ್ತಿರಲಿಲ್ಲ. ಡ್ರಮ್ಮು ಕಂಡಿತ್ತು, ಲಾರಿ ಕಂಡಿರಲಿಲ್ಲ.

ಈ ಮೂರು ಮೆಟ್ಟಿಲಿಗೆ ಎಷ್ಟು ಹೊತ್ತು ಬೇಕು? ನೆದರ್ಲೆಂಡ್ಸ್‌ನ ಡೆಲ್ಫ್ಟ್‌ನಲ್ಲಿ ನಡೆದ ಒಂದು ಪ್ರಯೋಗ 2017ರಲ್ಲಿ ಪ್ರಕಟವಾಯಿತು. ಜನರಿಗೆ ರಸ್ತೆಯ ವಿಡಿಯೊಗಳನ್ನು ತೋರಿಸಿದರು, 1 ಸೆಕೆಂಡಿನಿಂದ 20 ಸೆಕೆಂಡಿನವರೆಗೆ ಬೇರೆ ಬೇರೆ ಉದ್ದದವು. ಆಮೇಲೆ ಸುತ್ತ ಯಾವ ಕಾರು ಎಲ್ಲಿತ್ತು ಅಂತ ಇಡಲು ಹೇಳಿದರು. ಎಷ್ಟು ಕಾರು, ಎಲ್ಲೆಲ್ಲಿ ಅನ್ನುವುದು ಸುಮಾರು 7ರಿಂದ 12 ಸೆಕೆಂಡಿಗೆ ಒಂದು ಹದಕ್ಕೆ ಬಂತು. ಯಾವುದು ಎಷ್ಟು ವೇಗದಲ್ಲಿದೆ ಅನ್ನುವ ಅಂದಾಜು ಮಾತ್ರ 20 ಸೆಕೆಂಡಿನವರೆಗೂ ಸುಧಾರಿಸುತ್ತಲೇ ಇತ್ತು. ವೇಗದ ಅಂದಾಜು ಕೊನೆಗೆ ಬರುತ್ತದೆ ಅನ್ನುವುದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಕೈಯ ವಿಷಯವೇ ಬೇರೆ. 2016ರಲ್ಲಿ ಪ್ರಕಟವಾದ ಒಂದು ಜರ್ಮನ್ ಅಧ್ಯಯನದಲ್ಲಿ ಓದುತ್ತಿದ್ದವರ ಕೈಯೂ, ವಿಡಿಯೊ ನೋಡುತ್ತಿದ್ದವರ ಕೈಯೂ ಸ್ಟೇರಿಂಗ್‌ಗೆ ಬಂದ ಹೊತ್ತಿನಲ್ಲಿ ದೊಡ್ಡ ವ್ಯತ್ಯಾಸ ಇರಲಿಲ್ಲ. ವ್ಯತ್ಯಾಸ ಕಂಡದ್ದು ಹಿಡಿದ ಮೇಲೆ ಕಾರು ಓಡಿಸಿದ ರೀತಿಯಲ್ಲಿ. ಬ್ರಿಟನ್ನಿನ ಲೀಡ್ಸ್‌ನಲ್ಲಿ ನತಾಶಾ ಮೆರಾಟ್ ಮತ್ತು ಜೊತೆಗಾರರು 2014ರಲ್ಲಿ ತೋರಿಸಿದ್ದು ಇನ್ನೂ ಗಾಬರಿ ಹುಟ್ಟಿಸುತ್ತದೆ. ಕಾರನ್ನು ವಾಪಸ್ ತೆಗೆದುಕೊಂಡ ಮೇಲೆ ಅದನ್ನು ಲೇನಿನಲ್ಲಿ ನೆಟ್ಟಗೆ ಹಿಡಿಯಲು ಜನರಿಗೆ 35ರಿಂದ 40 ಸೆಕೆಂಡು ಬೇಕಾಯಿತು. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಅದು ಒಂದು ಕಿಲೋಮೀಟರ್ ದಾರಿ.

ಹೊರಡುವ ಮೊದಲು

ಇದು ಮನೆ ಮುಂದೆ ಕಾರು ನಿಂತಿರುವಾಗಲೇ ಮಾಡುವ ಕೆಲಸ. ಐದು ನಿಮಿಷ ಸಾಕು.

ಸೀಟನ್ನು ನೀವೇ ಓಡಿಸುವಾಗ ಇಡುವ ಜಾಗದಲ್ಲೇ ಇಡಿ. ‘ಹೇಗೂ ಕಾರು ಓಡಿಸ್ತದೆ’ ಅಂತ ಹಿಂದಕ್ಕೆ ವಾಲಿಸಿದರೆ ಬ್ರೇಕಿಗೆ ಕಾಲು ಎಟುಕುವುದೇ ತಡವಾಗುತ್ತದೆ. ಕನ್ನಡಿಗಳನ್ನು ಈಗಲೇ ಸರಿ ಮಾಡಿ.

ಕಾರನ್ನು ವಾಪಸ್ ಪಡೆಯುವ ದಾರಿಗಳನ್ನು ಕೈಗೆ ಕಲಿಸಿ. ಸಾಮಾನ್ಯವಾಗಿ ಮೂರು ಇರುತ್ತವೆ: ಬ್ರೇಕ್ ತುಳಿಯುವುದು, ಬಟನ್ ಒತ್ತುವುದು, ಸ್ಟೇರಿಂಗ್ ತಿರುಗಿಸುವುದು. ಮೂರೂ ಒಂದೇ ಅಲ್ಲ. ಕೆಲವು ಕಾರುಗಳಲ್ಲಿ ಬ್ರೇಕ್ ಒತ್ತಿದರೆ ಕ್ರೂಸ್ ಬಿಡುತ್ತದೆ, ಲೇನ್ ಹಿಡಿತ ಹಾಗೇ ಉಳಿಯುತ್ತದೆ. ಕೆಲವದರಲ್ಲಿ ಸ್ಟೇರಿಂಗ್ ತಿರುಗಿಸಿದರೆ ಲೇನ್ ಹಿಡಿತ ಬಿಡುತ್ತದೆ, ಕ್ರೂಸ್ 90ಕ್ಕೇ ಓಡುತ್ತಿರುತ್ತದೆ. ನಿಮ್ಮದರಲ್ಲಿ ಹೇಗೆ ಅನ್ನುವುದು ಕಾರಿನ ಜೊತೆ ಕೊಟ್ಟ ಪುಸ್ತಕದಲ್ಲಿದೆ. ಹೌದು, ಡ್ಯಾಶ್‌ಬೋರ್ಡಿನ ಗೂಡಿನಲ್ಲಿ ಪ್ಲಾಸ್ಟಿಕ್ ಕವರ್ ಸಮೇತ ಇರುವ ಅದೇ ಪುಸ್ತಕ. ಓದಿದ ಮೇಲೆ ಖಾಲಿ ರಸ್ತೆಯಲ್ಲಿ ಒಂದೊಂದನ್ನೂ ಹತ್ತು ಸಲ ಮಾಡಿ ನೋಡಿ. ನಾನು ಕಾರು ತಂದು ಏಳು ತಿಂಗಳಾದ ಮೇಲೆ ಇದನ್ನು ಮಾಡಿದೆ, ಅದೂ ಆ ಲಾರಿಯ ನಂತರ.

ಸದ್ದುಗಳನ್ನೂ ಕಲಿಯಿರಿ. ಸೀಟ್‌ಬೆಲ್ಟಿನ ಸದ್ದು, ಲೇನ್ ದಾಟಿದ ಸದ್ದು, ‘ಕೈಬಿಟ್ಟೆ’ ಅನ್ನುವ ಸದ್ದು ಮೂರೂ ಬೇರೆ. ಹಾಡಿನ ವಾಲ್ಯೂಮ್ ಆ ಸದ್ದಿಗಿಂತ ಜಾಸ್ತಿ ಇರಬಾರದು.

ಕಾರು ಓಡಿಸುತ್ತಿರುವಾಗ: ಕಥೆ ಬಿಡಬೇಡಿ

ಸುಮ್ನೆ ಕೂತು ನೋಡುತ್ತಿರುವುದು ಮನುಷ್ಯರಿಂದ ಆಗದ ಕೆಲಸ. ಇದು ಸೋಮಾರಿತನವಲ್ಲ. ಎರಡನೇ ಮಹಾಯುದ್ಧದ ಹೊತ್ತಿಗೆ ಬ್ರಿಟಿಷ್ ರೇಡಾರ್ ನೋಡುವವರು ಗುರಿಗಳನ್ನು ತಪ್ಪಿಸುತ್ತಿದ್ದುದು ಏಕೆ ಅಂತ ನಾರ್ಮನ್ ಮ್ಯಾಕ್‌ವರ್ತ್ ಪರೀಕ್ಷೆ ಮಾಡಿದರು. ಒಂದು ಗಡಿಯಾರದ ಮುಳ್ಳು ಅಪರೂಪಕ್ಕೊಮ್ಮೆ ಎರಡು ಮನೆ ಹಾರುತ್ತದೆ, ಅದನ್ನು ಹಿಡಿಯಬೇಕು, ಅಷ್ಟೇ ಕೆಲಸ. ಮೊದಲ ಅರ್ಧ ಗಂಟೆಯಲ್ಲೇ ಜನರ ಗಮನ ಕುಸಿಯಿತು. ಆ ಫಲಿತಾಂಶ 1948ರಲ್ಲಿ ಪ್ರಕಟವಾಯಿತು. ಹೆದ್ದಾರಿಯಲ್ಲಿ ಕಾರು ತಾನೇ ಓಡುವಾಗ ನಾವು ಮಾಡುವುದೂ ಆ ಗಡಿಯಾರದ ಕೆಲಸವೇ.

ಲಿಸಾನ್ ಬೇನ್‌ಬ್ರಿಜ್ ಅನ್ನುವ ಮನಶ್ಶಾಸ್ತ್ರಜ್ಞೆ 1983ರಲ್ಲಿ ಇದರ ವಿಪರ್ಯಾಸವನ್ನು ಎತ್ತಿ ತೋರಿಸಿದರು. ಯಂತ್ರಕ್ಕೆ ಸುಲಭದ್ದನ್ನೆಲ್ಲ ಕೊಟ್ಟು, ಯಂತ್ರಕ್ಕೂ ಆಗದ ಕಷ್ಟದ ಗಳಿಗೆಯನ್ನು ಅಭ್ಯಾಸ ತಪ್ಪಿದ ಮನುಷ್ಯನ ಕೈಗೆ ಕೊಡುತ್ತೇವೆ. ಅವರು ಕಾರ್ಖಾನೆಗಳ ಬಗ್ಗೆ ಹೇಳಿದ್ದು. 2009ರ ಜೂನ್ 1ರಂದು ಅಟ್ಲಾಂಟಿಕ್ ಮೇಲೆ ಏರ್ ಫ್ರಾನ್ಸ್ 447 ವಿಮಾನದ ವೇಗಮಾಪಕದ ಕೊಳವೆಗಳಲ್ಲಿ ಮಂಜುಗಡ್ಡೆ ಕಟ್ಟಿತು, ಆಟೋಪೈಲಟ್ ಕೈಬಿಟ್ಟಿತು. ನಾಲ್ಕೂವರೆ ನಿಮಿಷದೊಳಗೆ ವಿಮಾನ ಸಮುದ್ರಕ್ಕೆ ಬಿತ್ತು, 228 ಜನ ಸತ್ತರು. ಪೈಲಟ್‌ಗಳು ತರಬೇತಿ ಪಡೆದವರೇ. ಏನಾಗುತ್ತಿದೆ ಅನ್ನುವುದು ಮಾತ್ರ ಅವರ ತಲೆಗೆ ಕೊನೆಯವರೆಗೂ ಕೂಡಿ ಬರಲಿಲ್ಲ.

ಹಾಗಾದರೆ ನಾವೇನು ಮಾಡಬಹುದು? ನನಗೆ ಕೆಲಸ ಮಾಡಿದ್ದು ಬಾಯಿ. ಕಂಡದ್ದನ್ನು ಮೆಲ್ಲಗೆ ಹೇಳಿಕೊಳ್ಳುವುದು. “ಮುಂದೆ ಹಾಲಿನ ಟ್ಯಾಂಕರ್, ಹಿಂದೆ ಬಿಳಿ ಇನೋವಾ, ಎಡಕ್ಕೆ ಖಾಲಿ, ಮುಂದೆ ಬ್ರಿಡ್ಜ್.” ಬ್ರಿಟನ್ನಿನ ಪೊಲೀಸ್ ಚಾಲಕರಿಗೆ ಹೀಗೆ ಹೇಳಿಕೊಳ್ಳುತ್ತಾ ಓಡಿಸುವುದನ್ನು ಬಹಳ ಹಿಂದಿನಿಂದ ಕಲಿಸುತ್ತಾರೆ. ಮೊದಲ ದಿನ ಹುಚ್ಚು ಅನ್ನಿಸುತ್ತದೆ. ಮಕ್ಕಳು ನಗುತ್ತಾರೆ. ನಗಲಿ. ಅರ್ಧ ನಿಮಿಷಕ್ಕೊಮ್ಮೆ ಮೂರೂ ಕನ್ನಡಿ ನೋಡಿ ಒಂದು ಸಾಲು ಹೇಳಿಕೊಂಡರೆ, ಕಾರು ಕೈಬಿಟ್ಟಾಗ ನೀವು ಶುರುವಿನಿಂದ ನೋಡಬೇಕಿಲ್ಲ. ಅರ್ಧ ನಿಮಿಷದ ಹಿಂದಿನ ಕಥೆ ನಿಮ್ಮ ಹತ್ತಿರ ಇರುತ್ತದೆ.

ಎರಡನೇ ಹಂತದ ಕಾರಿನಲ್ಲಿ ಮೊಬೈಲ್ ಮುಟ್ಟುವುದು ಬೇಡ. 2018ರ ಮಾರ್ಚ್ ತಿಂಗಳೊಂದರಲ್ಲೇ ಅಮೆರಿಕದಲ್ಲಿ ಎರಡು ಸಾವುಗಳಾದವು. ಅರಿಝೋನಾದ ಟೆಂಪಿಯಲ್ಲಿ ಊಬರ್‌ನ ಪರೀಕ್ಷಾ ಕಾರು ರಸ್ತೆ ದಾಟುತ್ತಿದ್ದ ಮಹಿಳೆಗೆ ಡಿಕ್ಕಿ ಹೊಡೆಯಿತು. ನೋಡಿಕೊಳ್ಳಲು ಕೂತಿದ್ದವರ ಕಣ್ಣು ಮೊಬೈಲಿನ ಮೇಲಿತ್ತು. ಐದು ದಿನ ಬಿಟ್ಟು ಕ್ಯಾಲಿಫೋರ್ನಿಯಾದ ಮೌಂಟನ್ ವ್ಯೂನಲ್ಲಿ ಆಟೋಪೈಲಟ್‌ನಲ್ಲಿದ್ದ ಟೆಸ್ಲಾ ಹೆದ್ದಾರಿಯ ನಡುಗೋಡೆಗೆ ನುಗ್ಗಿತು. ಚಾಲಕರ ಫೋನಿನಲ್ಲಿ ಗೇಮ್ ಓಡುತ್ತಿತ್ತು. ಎರಡನ್ನೂ ತನಿಖೆ ಮಾಡಿದ್ದು ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ, ಎನ್‌ಟಿಎಸ್‌ಬಿ.

ಮೂರನೇ ಹಂತದ ಕಾರಿರುವವರಿಗೆ ಒಂದು ಉಪಾಯ ಇದೆ. ಏನಾದರೂ ನೋಡುವುದಿದ್ದರೆ ಕಾರಿನ ಪರದೆಯಲ್ಲೇ ನೋಡಿ. ವಾಪಸ್ ಕರೆಯುವಾಗ ಕಾರು ಆ ಪರದೆಯನ್ನು ತಾನೇ ನಿಲ್ಲಿಸಬೇಕು ಅನ್ನುವುದು ಇಂಥ ಕಾರುಗಳಿಗೆ ಮಾಡಿದ ವಿಶ್ವಸಂಸ್ಥೆಯ 157ನೇ ನಿಯಮದಲ್ಲೇ ಇದೆ. ಕೈಯಲ್ಲಿ ಹಿಡಿದ ಫೋನನ್ನು ಕಾರು ಆರಿಸಲಾರದು. ತೊಡೆಯ ಮೇಲೆ ಲ್ಯಾಪ್‌ಟಾಪ್, ಬಿಸಿ ಕಾಫಿ ಇದ್ದರೆ ಮೊದಲ ಮೂರು ಸೆಕೆಂಡು ಅದನ್ನು ಎಲ್ಲಿಡುವುದು ಅನ್ನುವುದರಲ್ಲೇ ಕಳೆಯುತ್ತದೆ.

ನಿದ್ದೆ ಮಾತ್ರ ಯಾವ ಹಂತದಲ್ಲೂ ಬೇಡ. ಮಂಗಳೂರು ಬಸ್ಸಿನಲ್ಲಿ ನಡುರಾತ್ರಿ ಎಚ್ಚರವಾದಾಗ ಸಕಲೇಶಪುರವೋ ಉಪ್ಪಿನಂಗಡಿಯೋ ಗೊತ್ತಾಗದೆ ಕಿಟಕಿಯಾಚೆ ಬೋರ್ಡು ಹುಡುಕುತ್ತೀರಲ್ಲ, ಆ ಮಂಪರು ಹೋಗಲು ನಿಮಿಷಗಳೇ ಬೇಕು. ಕಾರು ನಿಮಗೆ ಕೊಡುವುದು ಸೆಕೆಂಡುಗಳನ್ನು.

ಕರೆಯುವ ಮೊದಲೇ ಎದ್ದು ಹೋಗಿ

ಇಡೀ ಲೇಖನದಲ್ಲಿ ಒಂದನ್ನೇ ಪಾಲಿಸುತ್ತೇನೆ ಅನ್ನುವವರು ಇದನ್ನು ಪಾಲಿಸಿ. ಕಾರು ಕೈಬಿಡುವ ತನಕ ಕಾಯಬೇಡಿ. ಅದು ಎಲ್ಲಿ ಸೋಲುತ್ತದೆ ಅಂತ ನಿಮಗೆ ಮೊದಲೇ ಗೊತ್ತಿರುತ್ತದೆ. ಅರ್ಧ ಕಿಲೋಮೀಟರ್ ಮುಂಚೆ ನೀವೇ ತೆಗೆದುಕೊಳ್ಳಿ.

ಸೌತಾಂಪ್ಟನ್ನಿನ ಅಲೆಕ್ಸಾಂಡರ್ ಎರಿಕ್ಸನ್, ನೆವಿಲ್ ಸ್ಟಾಂಟನ್ 2017ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಅವಸರ ಇಲ್ಲದೆ ‘ತೆಗೆದುಕೊಳ್ಳಿ’ ಅಂದಾಗ ಜನ ತೆಗೆದುಕೊಂಡ ಹೊತ್ತು 2 ಸೆಕೆಂಡಿಗಿಂತ ಸ್ವಲ್ಪ ಕಡಿಮೆಯಿಂದ 25 ಸೆಕೆಂಡಿನ ಮೇಲಿನವರೆಗೂ ಹರಡಿತ್ತು. ಒಬ್ಬರಿಗೊಬ್ಬರಿಗೆ ಅಷ್ಟು ವ್ಯತ್ಯಾಸ. ನೀವು ಯಾವ ಕಡೆಯವರು ಅಂತ ಹೇಳಲಾಗದು, ಊಟ ಆದ ಮೇಲಿನ ನೀವು ಬೆಳಗಿನ ನೀವಲ್ಲ. ಹಾಗಾಗಿ ಪುರುಸೊತ್ತು ಇರುವಾಗಲೇ ತೆಗೆದುಕೊಳ್ಳುವುದು ಜಾಣತನ.

ನಮ್ಮ ರಸ್ತೆಯಲ್ಲಿ ಅಂಥ ಜಾಗಗಳಿಗೆ ಬರವಿಲ್ಲ. ಟೋಲ್. ರಸ್ತೆ ಕೆಲಸ. ಹೆದ್ದಾರಿಯಿಂದ ಸರ್ವಿಸ್ ರೋಡಿಗೆ ಇಳಿಯುವ ಬಾಯಿ. ಊರು ಬಂದಾಗ ಮೀಡಿಯನ್‌ನಲ್ಲಿ ಸಿಗುವ ಸಂದಿ, ಅಲ್ಲಿಂದ ಟ್ರಾಕ್ಟರ್ ಯಾವಾಗ ಬೇಕಾದರೂ ಹೊರಬರಬಹುದು. ಜೋರು ಮಳೆ. ಗಾಜಿನ ಮೇಲೆ ಬೀಳುವ ಸಂಜೆ ಬಿಸಿಲು. ಎದುರಿಗೆ ರಾಂಗ್ ಸೈಡಿನಲ್ಲಿ ಬರುವ ಬೈಕು. ಹೊಸದಾಗಿ ಡಾಂಬರು ಹಾಕಿ ಇನ್ನೂ ಗೆರೆ ಎಳೆಯದ ರಸ್ತೆ. ಎಲ್ಲಕ್ಕಿಂತ ಹೆಚ್ಚಾಗಿ ಲೈಟಿಲ್ಲದೆ ನಿಂತ ಲಾರಿ. ಜಾಸ್ತಿ ವೇಗದಲ್ಲಿ ಹೋಗುವಾಗ ನಿಂತ ವಾಹನವನ್ನು ಕ್ರೂಸ್ ಗುರುತಿಸದೆ ಹೋಗಬಹುದು ಅಂತ ಎಷ್ಟೋ ಕಾರುಗಳ ಪುಸ್ತಕದಲ್ಲೇ ಬರೆದಿರುತ್ತಾರೆ. ಆಗ ಗಂಟೆಯೂ ಬಾರಿಸುವುದಿಲ್ಲ. ಕಾರಿಗೆ ಲಾರಿ ಇದೆ ಅಂತಲೇ ಗೊತ್ತಿಲ್ಲದಿದ್ದರೆ ಯಾಕೆ ಕರೆಯುತ್ತದೆ?

ಗಂಟೆ ಬಾರಿಸಿತು: ಮೊದಲ ಕೆಲವು ಸೆಕೆಂಡು

ಮೂರನೇ ಹಂತದ ಕಾರಾದರೆ 157ನೇ ನಿಯಮದಂತೆ ಕರೆದ ಮೇಲೆ ಅದು ನಿಮಗಾಗಿ ಕನಿಷ್ಠ 10 ಸೆಕೆಂಡು ಕಾಯಬೇಕು. 4 ಸೆಕೆಂಡಿನೊಳಗೆ ಕರೆ ಜೋರಾಗಬೇಕು. ಆದರೂ ಬರದಿದ್ದರೆ ನಾಲ್ಕೂ ಇಂಡಿಕೇಟರ್ ಹಾಕಿಕೊಂಡು ತಾನೇ ನಿಧಾನ ಮಾಡಿ ನಿಲ್ಲುತ್ತದೆ. 60ರಲ್ಲಿ ಹೋಗುತ್ತಿದ್ದರೆ ಆ 10 ಸೆಕೆಂಡು ಅಂದರೆ 167 ಮೀಟರ್. ಎರಡನೇ ಹಂತದಲ್ಲಿ ಈ ಭಾಗ್ಯ ಇಲ್ಲ. ಎರಡರಲ್ಲೂ ಮಾಡಬೇಕಾದದ್ದರ ಸರದಿ ಒಂದೇ: ಕಣ್ಣು, ಕೈ, ಕಾಲು. ಕೊನೆಗೆ ನಿರ್ಧಾರ.

ಕಣ್ಣು ಮೊದಲು. ಡ್ಯಾಶ್‌ಬೋರ್ಡಿನಲ್ಲಿ ಏನು ಬರೆದಿದೆ ಅಂತ ಓದುತ್ತಾ ಕೂರಬೇಡಿ. ಸದ್ದು ಬಂತು ಅಂದರೆ ತಲೆ ಎತ್ತಿ ದೂರಕ್ಕೆ ನೋಡಿ, ರಸ್ತೆ ಹೋಗಿ ಮಾಯವಾಗುವ ಕಡೆಗೆ. ಆಮೇಲೆ ಹತ್ತಿರಕ್ಕೆ ಬನ್ನಿ. ಆಮೇಲೆ ನಡುಗನ್ನಡಿ, ಎರಡು ಪಕ್ಕದ ಕನ್ನಡಿ. ನಲವತ್ತು ದಾಟಿದವರಿಗೆ ಪರದೆಯಿಂದ ದೂರಕ್ಕೆ ಕಣ್ಣು ಕೂರುವುದೇ ಸ್ವಲ್ಪ ತಡ. ರಾತ್ರಿ ಬೆಳ್ಳಗಿನ ಪರದೆ ನೋಡಿದ ಕಣ್ಣು ಕತ್ತಲಿಗೆ ಹೊಂದಲು ನಿಮಿಷಗಳು ಬೇಕು. ಅದಕ್ಕೇ ರಾತ್ರಿ ಪ್ರಯಾಣದಲ್ಲಿ ಪರದೆಯ ಬೆಳಕನ್ನು ತೀರಾ ಕಡಿಮೆ ಇಡಿ.

ಕೈ, ಎರಡೂ ಕೈ, ಗಡಿಯಾರದ 9 ಮತ್ತು 3ರ ಜಾಗಕ್ಕೆ. ಹಿಡಿಯಿರಿ, ತಿರುಗಿಸಬೇಡಿ. ನನ್ನ ತಪ್ಪು ಇಲ್ಲೇ ಆದದ್ದು. ಸ್ಟಾನ್‌ಫರ್ಡ್‌ನಲ್ಲಿ 22 ಚಾಲಕರ ಮೇಲೆ ಮಾಡಿದ ಒಂದು ಪ್ರಯೋಗ 2016ರ ಡಿಸೆಂಬರ್‌ನಲ್ಲಿ ಪ್ರಕಟವಾಯಿತು. ನೀವು ಕೊನೆಗೆ ಓಡಿಸಿದಾಗಿನ ವೇಗಕ್ಕೂ ಈಗಿನ ವೇಗಕ್ಕೂ ವ್ಯತ್ಯಾಸ ಇದ್ದರೆ ಕೈ ಹಳೆಯ ಅಳತೆಯಲ್ಲೇ ತಿರುಗಿಸುತ್ತದೆ ಅನ್ನುವುದು ಅದರ ಸಾರ. ಬದಲಾವಣೆ ಆಗಿದೆ ಅಂತ ಮೊದಲೇ ಗೊತ್ತಿದ್ದವರಿಗೂ ಸರಿಹೋಗಲು ಸ್ವಲ್ಪ ಹೊತ್ತು ಹಿಡಿಯಿತು. ನಮ್ಮ ಕೈಗೆ ಊರೊಳಗಿನ ಮೂವತ್ತರ ಅಭ್ಯಾಸ ಇದ್ದು, ತೊಂಬತ್ತರಲ್ಲಿ ಅಷ್ಟೇ ತಿರುಗಿಸಿದರೆ ಪಕ್ಕದ ಲೇನಿನಲ್ಲಿರುತ್ತೇವೆ.

ಕಾಲಿನ ವಿಷಯವನ್ನು ಯಾರೂ ಹೇಳಿಕೊಡುವುದಿಲ್ಲ. ಕ್ರೂಸ್ ಬಿಟ್ಟ ಗಳಿಗೆಯಲ್ಲಿ ಆಕ್ಸಿಲರೇಟರ್ ಮೇಲೆ ನಿಮ್ಮ ಕಾಲಿಲ್ಲದಿದ್ದರೆ ಕಾರು ತಾನಾಗಿಯೇ ನಿಧಾನವಾಗುತ್ತದೆ. ಪೆಟ್ರೋಲ್ ಕಾರಿನಲ್ಲಿ ಮೆತ್ತಗೆ. ಎಲೆಕ್ಟ್ರಿಕ್ ಕಾರಿನಲ್ಲಿ ಬ್ಯಾಟರಿ ತುಂಬುವ ಬ್ರೇಕಿಂಗ್ ಜಾಸ್ತಿ ಇಟ್ಟಿದ್ದರೆ ಯಾರೋ ಹಿಂದಿನಿಂದ ಎಳೆದ ಹಾಗೆ. ಹಿಂದಿನ ಬಸ್ಸಿಗೆ ನಿಮ್ಮ ಕಾರು ಕೈಬಿಟ್ಟದ್ದು ಗೊತ್ತಿಲ್ಲವಲ್ಲ. ಆದ್ದರಿಂದ ನೀವಾಗಿಯೇ ವಾಪಸ್ ತೆಗೆದುಕೊಳ್ಳುವಾಗ ಮೊದಲು ಆಕ್ಸಿಲರೇಟರನ್ನು ಮೆಲ್ಲಗೆ ಒತ್ತಿ ಹಿಡಿದು ಆಮೇಲೆ ಬಟನ್ ಒತ್ತಿ. ಎದುರಿಗೆ ಅಪಾಯ ಕಂಡರೆ ಮಾತ್ರ ಕಾಲು ನೇರ ಬ್ರೇಕಿಗೆ.

ಇನ್ನು ನಿರ್ಧಾರ. ಮ್ಯೂನಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಕ್ರಿಸ್ಟಿಯನ್ ಗೋಲ್ಡ್ ಮತ್ತು ಜೊತೆಗಾರರು 2013ರಲ್ಲಿ ಚಾಲಕರಿಗೆ 5 ಸೆಕೆಂಡು ಮತ್ತು 7 ಸೆಕೆಂಡು ಕೊಟ್ಟು ನೋಡಿದರು. ಹೊತ್ತು ಕಡಿಮೆ ಕೊಟ್ಟಾಗ ಜನ ಬೇಗ ಕೆಲಸಕ್ಕಿಳಿದರು, ಆದರೆ ಕನ್ನಡಿ ನೋಡುವುದನ್ನು ಕಡಿಮೆ ಮಾಡಿದರು. ಅವಸರದಲ್ಲಿ ಮೊದಲು ಬಲಿಯಾಗುವುದು ಕನ್ನಡಿಯೇ. ಹಾಗಾಗಿ ನಾನು ಹಾಕಿಕೊಂಡ ನಿಯಮ: ಕನ್ನಡಿ ನೋಡದೆ ಪಕ್ಕಕ್ಕೆ ಹೋಗುವುದಿಲ್ಲ. ಸಂಶಯ ಬಂದರೆ ಅದೇ ಲೇನಿನಲ್ಲಿ ನೆಟ್ಟಗೆ ಇದ್ದು ಬ್ರೇಕ್ ಒತ್ತುತ್ತೇನೆ. ನಿಧಾನವಾದಷ್ಟೂ ತಲೆಗೆ ಹೊತ್ತು ಸಿಗುತ್ತದೆ. ಹಿಂದಿನವರು ಹಾರ್ನ್ ಮಾಡಬಹುದು. ಮಾಡಲಿ.

ಹಿಡಿದ ಮೇಲಿನ ಮುಕ್ಕಾಲು ನಿಮಿಷ

ಇಲ್ಲಿ ಜನ ಮೋಸ ಹೋಗುತ್ತಾರೆ. ಸ್ಟೇರಿಂಗ್ ಕೈಯಲ್ಲಿದೆ, ಕಾರು ಲೇನಿನಲ್ಲಿದೆ, ಎಲ್ಲ ಸರಿಹೋಯಿತು ಅನ್ನಿಸುತ್ತದೆ. ಆದರೆ ಪಕ್ಕದವರ ವೇಗದ ಅಂದಾಜು ಇನ್ನೂ ಬಂದಿಲ್ಲ ಅನ್ನುವುದನ್ನು ಮೇಲೆ ನೋಡಿದೆವು. ಕನ್ನಡಿಯಲ್ಲಿ ಚಿಕ್ಕದಾಗಿ ಕಾಣುವ ಕಾರು 80ರಲ್ಲಿದೆಯೋ 120ರಲ್ಲಿದೆಯೋ ಹೇಳಲು ಅದನ್ನು ಕೆಲವು ಸೆಕೆಂಡು ಬಿಟ್ಟು ಎರಡು ಮೂರು ಸಲ ನೋಡಬೇಕು. ಅಲ್ಲಿಯವರೆಗೆ ಓವರ್‌ಟೇಕ್ ಬೇಡ, ಲೇನ್ ಬದಲಿಸುವುದು ಬೇಡ. ಕೆಳಗೆ ಬಿದ್ದ ಫೋನನ್ನು ಎತ್ತುವುದಂತೂ ಬೇಡವೇ ಬೇಡ. ಮುಂದಿನ ವಾಹನಕ್ಕೆ ಅಂತರ ಜಾಸ್ತಿ ಬಿಡಿ.

ಈ ಹೊತ್ತಿನಲ್ಲಿ ಒಮ್ಮೆ ಡ್ಯಾಶ್‌ಬೋರ್ಡ್ ನೋಡಿ: ಈಗ ಕಾರು ಯಾರ ಕೈಯಲ್ಲಿದೆ? ಕ್ರೂಸ್ ಪೂರ್ತಿ ಬಿಟ್ಟಿದೆಯಾ, ಅರ್ಧ ಬಿಟ್ಟಿದೆಯಾ? ಬ್ರೇಕ್ ಕಾರು ಹಾಕುತ್ತದೆ ಅಂತ ನೀವು, ನೀವು ಹಾಕುತ್ತೀರಿ ಅಂತ ಕಾರು. ಮದುವೆಮನೆಯಲ್ಲಿ ಎಲೆ ಹಾಕುವವರು ಯಾರು ಅನ್ನುವ ಗೊಂದಲದ ಹಾಗೆ, ಕೊನೆಗೆ ಯಾರೂ ಹಾಕಿರುವುದಿಲ್ಲ. ಎರಡರಲ್ಲಿ ಒಂದು ಉಳಿದಿದ್ದರೆ ಅದನ್ನೂ ಬಟನ್ ಒತ್ತಿ ಬಿಡಿಸಿ.

ಏನು ನಡೆಯುತ್ತಿದೆ ಅಂತ ತಿಳಿಯಲೇ ಇಲ್ಲವಾ? ಇಂಡಿಕೇಟರ್ ಹಾಕಿ, ಕನ್ನಡಿ ನೋಡಿ, ಮೆಲ್ಲಗೆ ಎಡಕ್ಕೆ ಬನ್ನಿ. ಪೆಟ್ರೋಲ್ ಬಂಕೋ ಡಾಬಾವೋ ಸಿಕ್ಕಾಗ ನಿಲ್ಲಿಸಿ ನೀರು ಕುಡಿಯಿರಿ. ಹೆದ್ದಾರಿಯ ಲೇನಿನಲ್ಲೇ ನಿಲ್ಲಬೇಡಿ.

ಪಕ್ಕದಲ್ಲಿ ಕೂತವರಿಗೆ

ಕಥೆ ಬಿಡದೆ ನೋಡುತ್ತಿರುವವರು ಎಷ್ಟೋ ಸಲ ಅವರೇ. ನನ್ನ ಹೆಂಡತಿಗೆ ಲಾರಿ ಕಂಡಿತ್ತು ತಾನೇ? ನಾವಿಬ್ಬರೂ ಒಂದು ಒಪ್ಪಂದ ಮಾಡಿಕೊಂಡೆವು. “ರೀ, ನೋಡಿ!” ಅಂತ ಕಿರುಚುವುದರಿಂದ ಉಪಯೋಗವಿಲ್ಲ, ಎಲ್ಲಿ ನೋಡುವುದು? ಬದಲಿಗೆ ದಿಕ್ಕು ಮೊದಲು, ವಸ್ತು ಆಮೇಲೆ. “ಬಲಗಡೆ ಲಾರಿ.” “ಎಡಗಡೆ ಬೈಕು, ಇಬ್ಬರು.” ಎರಡು ಮೂರು ಪದ ಸಾಕು. ಈಗ ಗುರುತು ಬೂದು ಬಣ್ಣಕ್ಕೆ ತಿರುಗಿದ ತಕ್ಷಣ ಅವಳು ತಾನಾಗಿಯೇ ಶುರು ಮಾಡುತ್ತಾಳೆ. ನನ್ನ ಕಣ್ಣು ಮುಂದೆ ಇರುವಾಗ ಕನ್ನಡಿಯ ಕೆಲಸ ಅವಳದ್ದು. ಭಾವ ಜೊತೆಗಿದ್ದರೆ ಮಾತ್ರ ಕಷ್ಟ, ಅವರು ದಿಕ್ಕು ಹೇಳಿ ಅದರ ಜೊತೆ ಹೇಗೆ ಓಡಿಸಬೇಕು ಅಂತಲೂ ಹೇಳುತ್ತಾರೆ.

ಅಭ್ಯಾಸಕ್ಕೆ ಒಂದು ಆಟ

ಇದನ್ನು ಓಡಿಸುವಾಗ ಮಾಡುವಂತಿಲ್ಲ. ಬೇರೆ ಯಾರಾದರೂ ಓಡಿಸುತ್ತಿರುವಾಗ, ಮುಂದಿನ ಸೀಟಿನಲ್ಲಿ ಕೂತು ಮಾಡಿ. ಅರ್ಧ ನಿಮಿಷ ಕಣ್ಣು ಮುಚ್ಚಿ. ತೆಗೆದು ಎರಡೇ ಸೆಕೆಂಡು ಸುತ್ತ ನೋಡಿ, ಮತ್ತೆ ಮುಚ್ಚಿ. ಮುಂದೆ ಏನಿತ್ತು, ಪಕ್ಕದಲ್ಲಿ ಏನಿತ್ತು, ಯಾವುದು ನಮ್ಮನ್ನು ದಾಟಲು ಬರುತ್ತಿತ್ತು ಅಂತ ಹೇಳಿ. ಇನ್ನೊಬ್ಬರು ಸರಿಯೋ ತಪ್ಪೋ ನೋಡಲಿ. ಮುಂದಿನ ಸಲ ಏಳು ಸೆಕೆಂಡು ನೋಡಿ. ಎರಡರ ನಡುವಿನ ವ್ಯತ್ಯಾಸ ನಿಮಗೇ ಗೊತ್ತಾಗುತ್ತದೆ.

ಹೋದ ತಿಂಗಳು ತುಮಕೂರು ರಸ್ತೆಯಲ್ಲಿ ಹೆಂಡತಿ ಓಡಿಸುತ್ತಿದ್ದಳು, ನಾನು ಆಡಿದೆ. ಹಿಂದಿನ ಸೀಟಿನಿಂದ ಮಗಳು ಅಂಪೈರ್. ಎರಡು ಸೆಕೆಂಡಿನಲ್ಲಿ ಬಸ್ಸು, ಎರಡು ಕಾರು, ದಾಬಸ್‌ಪೇಟೆಯ ಬೋರ್ಡು ಎಲ್ಲ ಹೇಳಿದೆ. “ಟಿವಿಎಸ್ ಮೇಲೆ ಹುಲ್ಲಿನ ಹೊರೆ ಇಟ್ಕೊಂಡು ತಾತ ಹೋಗ್ತಿದ್ರಲ್ಲಪ್ಪಾ,” ಅಂದಳು. ಏಳು ಸೆಕೆಂಡು ಕೊಟ್ಟಾಗಲೂ ನನಗೆ ಮೊದಲು ಕಂಡದ್ದು ಹುಲ್ಲು.